ಡೋಣಿಯ ದಂಡೆಯ ರಾತ್ರಿಯೂಟ

ವಿಜಯಪುರಕ್ಕೆ ಬಂದಿಳಿದ ಪ್ರವಾಸಿಯು ಮೊದಲು ಅರಸಿಕೊಂಡು ಹೋಗುವುದು ಗೋಳಗುಮ್ಮಟವನ್ನು. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲಶಹನ ಆ ಸಮಾಧಿಯ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಅವನು ಒಮ್ಮೆ ಚಪ್ಪಾಳೆ ತಟ್ಟುತ್ತಾನೆ. ಅದು ಹಲವು ಬಾರಿ ಮರುದನಿಗೊಡುವುದನ್ನು ಕೇಳಿ ಬೆರಗಾಗುತ್ತಾನೆ. ಬಳಿಕ ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ ತೋಪು ಮುಂತಾದುವನ್ನು ನೋಡಿ ಮುಗಿಸಿ ಸಂಜೆಯ ಬಂಡಿಗೆ ಮರಳಿಬಿಡುತ್ತಾನೆ. ಆದರೆ ದೀಪ ಹಚ್ಚುವ ಹೊತ್ತಿಗೆ ಈ ಸೀಮೆಯ ಹಳ್ಳಿಗಳ ಓಣಿಗಳಲ್ಲಿ ಇನ್ನೊಂದು ಬಗೆಯ ಚಪ್ಪಾಳೆ ಮೊದಲಾಗುತ್ತದೆ. ಒಂದು ಮನೆಯಲ್ಲಿ ನಿಧಾನ, ಮತ್ತೊಂದರಲ್ಲಿ ಅವಸರ. ಒಂದೆಡೆ ನುರಿತ ಕೈಯ ಏಕತಾಳ, ಇನ್ನೊಂದೆಡೆ ಕಲಿಯುವ ಕೈಯ ತಡವರಿಕೆ. ಅದು ಜೋಳದ ರೊಟ್ಟಿ ಬಡಿಯುವ ಸಪ್ಪಳ. ಇದನ್ನು ಕೇಳದೆ ಹಿಂದಿರುಗಿದವನು ಈ ನಾಡಿನ ಕಲ್ಲನ್ನು ಕಂಡನೇ ಹೊರತು ಬಾಳನ್ನು ಕಾಣಲಿಲ್ಲವೆಂದೇ ಹೇಳಬೇಕು.

ಎರೆಯ ಮಣ್ಣು, ಬಿಳಿಯ ಕಾಳು

ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಹಾದು, ತಾಳಿಕೋಟೆಯ ಮಗ್ಗುಲಲ್ಲಿ ಹರಿದು ಕೃಷ್ಣೆಯನ್ನು ಕೂಡುವ ಡೋಣಿ ದೊಡ್ಡ ಹೊಳೆಯೇನೂ ಅಲ್ಲ. ಬೇಸಗೆಯಲ್ಲಿ ಸೊರಗುತ್ತದೆ, ಮಳೆಗಾಲದಲ್ಲಿ ದಡ ಮೀರಿ ಹೊಲಗಳಿಗೆ ನುಗ್ಗುತ್ತದೆ, ನೀರೋ ಉಪ್ಪು. ಆದರೂ ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂಬ ಗಾದೆ ಇಲ್ಲಿ ಮನೆಮಾತಾಗಿದೆ. ಅದರ ಗುಟ್ಟು ಇರುವುದು ಕಪ್ಪು ಎರೆಯ ಮಣ್ಣಿನಲ್ಲಿ. ವರುಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ, ಅದೂ ನೆಚ್ಚಲಾಗದಂತೆ ಬೀಳುವ ಈ ಸೀಮೆಯಲ್ಲಿ ಎರೆಯು ಬಿದ್ದ ನೀರನ್ನು ಒಡಲೊಳಗೆ ಕಾದಿರಿಸುತ್ತದೆ. ಸೆಪ್ಟೆಂಬರು, ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳವು ಮುಂದೆ ಒಂದು ಹನಿ ಬೀಳದಿದ್ದರೂ ಆ ತೇವವನ್ನೇ ಹೀರಿ, ಚಳಿಗಾಲದ ತಂಪಿನಲ್ಲಿ ತೆನೆಗಟ್ಟಿ, ಹೊಸ ವರುಷದ ಮೊದಲ ತಿಂಗಳುಗಳಲ್ಲಿ ಕೊಯ್ಲಿಗೆ ಬರುತ್ತದೆ. ಮಾಲದಂಡಿ ಎಂಬ ನಾಟಿ ತಳಿಯಿಂದ ಆರಿಸಿ ತೆಗೆದ ಎಂ 35-1 ಎಂಬ ಜೋಳವು ಇಲ್ಲಿಯ ಗೃಹಿಣಿಯರಿಗೆ ಬಹುಕಾಲದಿಂದ ಅಚ್ಚುಮೆಚ್ಚು. ಅದರ ಕಾಳು ಮುತ್ತಿನಂತೆ ದುಂಡಗೆ, ಹಿಟ್ಟು ಬೆಳ್ಳಗೆ, ರೊಟ್ಟಿ ಸಿಹಿ.

ಬೆಳೆದ ಜೋಳವನ್ನು ಹಿಂದೆ ಹಗೇವಿನಲ್ಲಿ ತುಂಬುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿ, ಒಳಮೈಗೆ ಜೋಳದ ದಂಟು ಹುಲ್ಲನ್ನು ಹೊದಿಸಿ, ಬಾಯಿಗೆ ಮಣ್ಣು ಮೆತ್ತಿದ ಕಣಜ. ಒಳಗಿನ ಗಾಳಿ ಕೆಟ್ಟಿರುತ್ತಿದ್ದುದರಿಂದ ಅದನ್ನು ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ದೀಪವೊಂದನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯನು ಇಳಿಯುತ್ತಿದ್ದನು. 1876ರಿಂದ 1878ರವರೆಗೆ ದಕ್ಷಿಣ ದೇಶವನ್ನೆಲ್ಲ ಸುಟ್ಟ ಮಹಾಕ್ಷಾಮದಲ್ಲಿ ಈ ಸೀಮೆಯೂ ನಲುಗಿತು. ಅಂಥ ಬರಗಳನ್ನು ಕಂಡ ಜನರಿಗೆ ಕೂಡಿಟ್ಟ ಕಾಳೇ ಜೀವ. ಆದುದರಿಂದಲೇ ಇಲ್ಲಿ ರೊಟ್ಟಿಯ ಚೂರನ್ನೂ ಚೆಲ್ಲುವುದಿಲ್ಲ. ಮಿಕ್ಕ ರೊಟ್ಟಿಯನ್ನು ಒಣಗಿಸಿ ಇಟ್ಟುಕೊಂಡು, ಬೇಕಾದಾಗ ಮುರಿದು ಒಗ್ಗರಣೆ ಕೊಟ್ಟು ಉಣ್ಣುತ್ತಾರೆ.

ಕೈಯೊಳಗಿನ ವಿದ್ಯೆ

ಗೋದಿಯ ಹಿಟ್ಟನ್ನು ನಾದಿದರೆ ಅದು ರಬ್ಬರಿನಂತೆ ಎಳೆದಷ್ಟು ಬರುತ್ತದೆ. ಅದರಲ್ಲಿ ಗ್ಲುಟೆನ್ ಎಂಬ ಅಂಟು ಪದಾರ್ಥವುಂಟು. ಜೋಳದಲ್ಲಿ ಅದಿಲ್ಲ. ತಣ್ಣೀರಿನಲ್ಲಿ ಕಲಸಿ ಲಟ್ಟಿಸಹೊರಟರೆ ಅಂಚೆಲ್ಲ ಬಿರಿದು ಹೋಗುತ್ತದೆ. ದಕ್ಷಿಣದ ಊರುಗಳ ಗೃಹಿಣಿಯರು ರೊಟ್ಟಿಗೆ ಕೈ ಹಾಕಿ ಸೋಲುವುದು ಬಹುಮಟ್ಟಿಗೆ ಇಲ್ಲಿಯೇ. ಡೋಣಿಯ ದಂಡೆಯ ಹೆಂಗಸು ಅಂಟನ್ನು ಕುದಿಯುವ ನೀರಿನಿಂದ ಹುಟ್ಟಿಸುತ್ತಾಳೆ. ಹಿಟ್ಟಿನ ನಡುವೆ ಗುಳಿ ಮಾಡಿ, ಮರಳುವ ಎಸರನ್ನು ಸುರಿದು, ಮೊದಲು ಸೌಟಿನಿಂದ ಕಲಕುತ್ತಾಳೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟವು ಬೆಂದು ಜಿಗಿಯಾಗುತ್ತದೆ. ಕೈ ತಾಳುವಷ್ಟು ಆರಿದೊಡನೆ, ಒಂದೊಂದು ರೊಟ್ಟಿಗೆ ಸಾಲುವಷ್ಟನ್ನೇ ತೆಗೆದುಕೊಂಡು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾಳೆ. ಎಲ್ಲವನ್ನೂ ಒಮ್ಮೆಗೇ ನಾದಿಟ್ಟರೆ ಕೊನೆಯ ಉಂಡೆಗಳು ಒಣಗಿ ಬಿರಿಯುತ್ತವೆ.

ಹಿಟ್ಟು ಹಳತಾಗಿದ್ದರೆ ಈ ಯಾವ ಜಾಣ್ಮೆಯೂ ಸಾಗದು. ಬೀಸಿ ಬಹುದಿನವಾದ ಹಿಟ್ಟು ಜಿಗಿಯನ್ನು ಕಳೆದುಕೊಂಡು ಕಹಿಯಾಗುತ್ತದೆ. ಆದುದರಿಂದ ಬುದ್ಧಿವಂತೆಯಾದ ಗೃಹಿಣಿ ಕಾಳನ್ನು ಕೂಡಿಡುತ್ತಾಳೆ, ಹಿಟ್ಟನ್ನಲ್ಲ. ಎಂಟು ಹತ್ತು ದಿನಕ್ಕೆ ಬೇಕಾದಷ್ಟನ್ನೇ ಗಿರಣಿಗೆ ಕಳುಹಿಸುತ್ತಾಳೆ.

ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯುವಾಗ ಒಂದು ಕೈ ತಟ್ಟುತ್ತದೆ, ಇನ್ನೊಂದು ಅಂಚನ್ನು ಕಾಯುತ್ತದೆ. ರೊಟ್ಟಿ ತಾನಾಗಿ ತಿರುಗುತ್ತಿರುವಂತೆ ಕಾಣುತ್ತದೆ. ಹಂಚಿನ ಮೇಲೆ ಹಾಕುವಾಗ ಒಣಹಿಟ್ಟು ಹತ್ತಿದ ಮೈ ಮೇಲಾಗಬೇಕು. ಒಡನೆಯೇ ಒದ್ದೆ ಬಟ್ಟೆಯಿಂದ ಆ ಹಿಟ್ಟನ್ನು ಸವರಿ, ನೀರಿನ ಹೊಳಪು ಆರುವಷ್ಟರಲ್ಲಿ ತಿರುವಬೇಕು. ತಡಮಾಡಿದರೆ ಬಿರುಕು, ಅವಸರಿಸಿದರೆ ಹರಕು. ಕಡೆಗೆ ಕೆಂಡಕ್ಕೋ ಉರಿಗೋ ಒಡ್ಡಿದಾಗ ರೊಟ್ಟಿ ಉಬ್ಬಿ ಎರಡು ಪದರಾಗುತ್ತದೆ. ಆ ಉಬ್ಬನ್ನು ನೋಡಿಯೇ ಅತ್ತೆಯಂದಿರು ಸೊಸೆಯ ಕೈಯನ್ನು ಅಳೆಯುತ್ತಿದ್ದರೆಂದು ಹಿರಿಯರು ನಗುತ್ತ ಹೇಳುವುದುಂಟು.

ತಾಟಿನ ಸುತ್ತ

ಹಬ್ಬದ ಹೋಳಿಗೆ, ಮಾದಲಿ, ಕಟ್ಟಿನ ಸಾರುಗಳ ಮಾತು ಬೇರೆ. ದಿನದ ರಾತ್ರಿಯೂಟದಲ್ಲಿ ಬಿಸಿರೊಟ್ಟಿ, ಒಂದು ಕಾಳಿನ ಇಲ್ಲವೆ ಕಾಯಿಯ ಪಲ್ಯ, ಒಂದು ಒಣಚಟ್ನಿ, ಮೊಸರು, ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ ಇದ್ದರೆ ಊಟ ತುಂಬಿತು. ಮುದುಕರಿಗೂ ಮಕ್ಕಳಿಗೂ ಜೋಳದ ನುಚ್ಚು, ಮಜ್ಜಿಗೆ. ಇಷ್ಟು ಸಾದಾ ಊಟದಲ್ಲಿಯೂ ಲೆಕ್ಕ ತಪ್ಪಿಲ್ಲ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಹೆಸರು, ತೊಗರಿ, ಕಡಲೆಗಳಲ್ಲಿ ಅದು ಧಾರಾಳ. ಆಹಾರ ಶಾಸ್ತ್ರಜ್ಞರು ಇದನ್ನು ಕಂಡುಕೊಳ್ಳುವುದಕ್ಕೆ ಎಷ್ಟೋ ಕಾಲ ಮೊದಲೇ ರೊಟ್ಟಿಯೂ ಕಾಳುಪಲ್ಯವೂ ಒಂದೇ ತಾಟಿನಲ್ಲಿ ಕೂಡಿದ್ದುವು.

ಎಣ್ಣೆಗಾಯಿಗೆ ಇಲ್ಲಿಯವರು ಆರಿಸುವುದು ಎಳೆಯ, ಪುಟ್ಟ ಬದನೆಯನ್ನು. ತೊಟ್ಟನ್ನು ಉಳಿಸಿಕೊಂಡು ನಾಲ್ಕಾಗಿ ಸೀಳಿ ಉಪ್ಪುನೀರಿಗೆ ಹಾಕಿದರೆ ಅದು ಕಪ್ಪಾಗದು. ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಹುಣಿಸೆ, ಬೆಲ್ಲ, ಮಸಾಲೆ ಖಾರಗಳನ್ನು ತುಂಬಿ ಎಣ್ಣೆಯಲ್ಲಿ ಬಾಡಿಸಿದ ಮೇಲೆ ಬಿಸಿನೀರನ್ನೇ ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಪುಂಡಿಪಲ್ಯದ ಹುಳಿ ಹೆಚ್ಚೆನಿಸಿದರೆ ಸೊಪ್ಪನ್ನು ಒಮ್ಮೆ ಕುದಿಸಿ ನೀರನ್ನು ಬಸಿದು, ಬಳಿಕ ಜೋಳದ ನುಚ್ಚಿನೊಡನೆಯೋ ಬೇಳೆಯೊಡನೆಯೋ ಬೇಯಿಸುತ್ತಾರೆ. ಹುಳಿಗೆ ಲೋಹ ಹೊಂದದೆಂದು ಅದಕ್ಕೆ ಮಣ್ಣಿನ ಗಡಿಗೆಯೇ ಮೇಲು. ಬೇಳೆ ಮೆತ್ತಗಾಗುವ ಮೊದಲು ಹುಳಿ ಬಿದ್ದರೆ ಅದು ಬೇಯಲು ಹಟ ಹಿಡಿಯುತ್ತದೆ; ಆದುದರಿಂದ ಹುಣಿಸೆಯ ಸರದಿ ಯಾವಾಗಲೂ ಕೊನೆಗೆ. ಇನ್ನು ಹಕ್ಕರಕಿ. ಜೋಳದ ಹೊಲದಲ್ಲಿ ಬಿತ್ತದೆ ಬೆಳೆಯುವ ಈ ಸೊಪ್ಪನ್ನು ತೊಳೆದು ಹಸಿಯಾಗಿಯೇ ರೊಟ್ಟಿಯೊಡನೆ ಕಚ್ಚುತ್ತಾರೆ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಅದಕ್ಕೆ ಎಡೆಯಿಲ್ಲ.

ಬಟ್ಟಲಿನ ಸಂಚಾರ

ಇವೆಲ್ಲವೂ ಒಂದು ಪುಸ್ತಕದಿಂದ ಕಲಿತವಲ್ಲ. ಒಂದು ಮನೆಯಲ್ಲಿ ಹುಟ್ಟಿದವೂ ಅಲ್ಲ. ರಾತ್ರಿಯ ಅಡುಗೆ ಇಳಿದೊಡನೆ ನೆರೆಮನೆಗೆ ಒಂದು ಬಟ್ಟಲು ಪಲ್ಯ ಹೋಗುವುದು ಈ ಓಣಿಗಳ ಹಳೆಯ ರೂಢಿ. ಬಟ್ಟಲು ಬರಿದಾಗಿ ಮರಳಬಾರದು. ಅಂದೋ ಮರುದಿನವೋ ಅದರಲ್ಲಿ ಅಗಸಿಯ ಚಟ್ನಿಯೋ ಝುಣಕವೋ ಮಜ್ಜಿಗೆಯೋ ಬರುತ್ತದೆ. ಬಟ್ಟಲಿನೊಡನೆ ಮಾತೂ ಹೋಗಿಬರುತ್ತದೆ. “ಇದಕ್ಕೆ ಏನು ಹಾಕಿದಿರಿ?” ಎಂಬ ಪ್ರಶ್ನೆ, “ಶೇಂಗಾವನ್ನು ಎಣ್ಣೆ ಬಿಡುವ ತನಕ ಕುಟ್ಟಬೇಕು” ಎಂಬ ಉತ್ತರ, ಪಾಠವಷ್ಟೇ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆ ತನ್ನ ತವರಿನ ರುಚಿಯನ್ನು ತರುತ್ತಾಳೆ, ಓಣಿಯ ರುಚಿಯನ್ನು ಕಲಿಯುತ್ತಾಳೆ. ಜಾತಿ ಪಂಥಗಳ ಗೆರೆಗಳು ಈ ಸಂಚಾರಕ್ಕೂ ಅಡ್ಡ ಬಂದುದುಂಟು. ಎಲ್ಲ ಬಟ್ಟಲುಗಳೂ ಎಲ್ಲ ಹೊಸ್ತಿಲುಗಳನ್ನು ದಾಟಲಿಲ್ಲ. ಅದನ್ನು ಮರೆಮಾಚಿ ಹಳೆಯ ಕಾಲವನ್ನು ಹೊಗಳುವುದು ಸಲ್ಲದು.

ವರುಷಕ್ಕೊಮ್ಮೆ ಈ ಹಂಚುವಿಕೆ ಹೊಲಕ್ಕೇ ಹೋಗುತ್ತದೆ. ಡಿಸೆಂಬರು, ಜನವರಿಯ ಹೊತ್ತಿಗೆ, ಜೋಳ ತೆನೆಗಟ್ಟುವಾಗ ಬರುವ ಎಳ್ಳಮವಾಸ್ಯೆಯಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಸಜ್ಜೆಯ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆಗಳಲ್ಲಿ ಮೊದಲ ಪಾಲು ಭೂಮಿಗೆ. ಅದನ್ನು ಹೊಲದ ಸುತ್ತ ಎರಚುವುದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಮಿಕ್ಕುದು ಬಂಧುಗಳಿಗೆ, ಗೆಳೆಯರಿಗೆ, ದಾರಿಹೋಕರಿಗೆ.

ಸಪ್ಪಳ ತಗ್ಗುತ್ತಿರುವುದೇಕೆ?

ಇಂದು ಓಣಿಗಳಲ್ಲಿ ಆ ಸಪ್ಪಳ ಮೊದಲಿನಷ್ಟು ದಟ್ಟವಾಗಿಲ್ಲ. ಒಲೆಯ ಮುಂದಿನವರ ಸೋಮಾರಿತನವೇ ಇದಕ್ಕೆ ಕಾರಣವೆಂದು ತೀರ್ಮಾನಿಸುವುದು ಸುಲಭ, ಆದರೆ ಅನ್ಯಾಯ. ಕಾರಣದ ಮೊದಲ ಎಳೆ ಇರುವುದು ಹೊಲದಲ್ಲಿ. ಜೋಳವನ್ನು ಬೆಳೆಯುತ್ತಿದ್ದುದು ಮನುಷ್ಯರಿಗಾಗಿ ಮಾತ್ರವಲ್ಲ, ಎತ್ತುಗಳಿಗಾಗಿಯೂ. ತೆನೆ ತಾಟಿಗೆ, ಕಣಿಕೆ ಗೋದಲಿಗೆ. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದ ಮೇಲೆ ಬೆಳೆಯ ಅರ್ಧ ಬೆಲೆಯೇ ಕುಸಿಯಿತು. ಕೊಯ್ದು, ತೆನೆ ಮುರಿದು, ರಾಶಿ ಮಾಡುವ ಆಳುಗಳು ಸಿಗುವುದೂ ಕಷ್ಟವಾಯಿತು. ಆಲಮಟ್ಟಿಯಲ್ಲಿ 1964ರಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟು 2006ರಲ್ಲಿ ನಾಡಿಗೆ ಅರ್ಪಿತವಾಯಿತು. ನೀರು ಬಂದ ಕಡೆ ಕಬ್ಬು ಬಂತು. ಬಾರದ ಕಡೆ ತೊಗರಿ ಹಬ್ಬಿತು. ರೈತನು ತನ್ನ ಲಾಭವನ್ನು ನೋಡಿಕೊಂಡುದು ತಪ್ಪೆಂದು ಯಾರು ಹೇಳಬಲ್ಲರು? 2013ರಲ್ಲಿ ಮೊದಲಾದ ಅನ್ನಭಾಗ್ಯ ಯೋಜನೆಯ ಅಕ್ಕಿ ಬಡವರ ಹಸಿವನ್ನು ತಣಿಸಿತು; ಅದರೊಡನೆ ರಾತ್ರಿಯ ರೊಟ್ಟಿಯ ಜಾಗಕ್ಕೆ ಅನ್ನವೂ ಬಂದು ಕುಳಿತಿತು.

ಇನ್ನೊಂದು ಎಳೆ ಹೆಂಗಸರ ದುಡಿಮೆಯದು. ನಸುಕಿನಲ್ಲೆದ್ದು ಬೀಸುವ ಕಲ್ಲಿನ ಮುಂದೆ ಕುಳಿತು, ಸಂಜೆ ಹೊಗೆಯ ಒಲೆಯ ಮುಂದೆ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವ ಬಾಳು ಹಾಡಿನಲ್ಲಿ ಸೊಗಸು, ತೋಳಿಗೆ ನೋವು. ಗಿರಣಿಯೂ ಅನಿಲದ ಒಲೆಯೂ ಬಂದುದು ವರವೇ ಸರಿ. ಈಗ ಉತ್ತರದ ಊರುಗಳಲ್ಲಿ ರೊಟ್ಟಿ ಮಾಡಿ ಮಾರುವುದೇ ಅನೇಕ ಸ್ತ್ರೀಯರ ಜೀವನೋಪಾಯ. ಅವರ ಕಟಕ ರೊಟ್ಟಿಯ ಕಟ್ಟುಗಳು ಬೆಂಗಳೂರು, ಮುಂಬಯಿಗಳ ಮನೆಗಳನ್ನು ಸೇರುತ್ತವೆ. ಮನೆಯೊಳಗೆ ಸಂಬಳವಿಲ್ಲದೆ ಸವೆಯುತ್ತಿದ್ದ ವಿದ್ಯೆಗೆ ಹೊರಗೆ ಬೆಲೆ ಸಿಕ್ಕಿರುವುದು ಸಂತೋಷದ ಸಂಗತಿ. ವಿಶ್ವಸಂಸ್ಥೆಯು 2023ನೆಯ ವರುಷವನ್ನು ಸಿರಿಧಾನ್ಯಗಳ ವರುಷವೆಂದು ಸಾರಿದ ಮೇಲಂತೂ, ಬಡವರ ಕೂಳೆನಿಸಿದ್ದ ಜೋಳ ಪೇಟೆಯ ಅಂಗಡಿಯಲ್ಲಿ ಗೌರವದ ಸ್ಥಾನವನ್ನು ಪಡೆಯಿತು.

ಆದರೂ ಕೊಂಡು ತಂದ ಕಟ್ಟಿನಲ್ಲಿ ಬಾರದ ವಸ್ತುಗಳು ಎರಡುಂಟು. ಒಂದು, ಹಂಚಿನಿಂದ ನೇರವಾಗಿ ತಾಟಿಗೆ ಬೀಳುವ ಮೆತ್ತನೆಯ ಬಿಸಿರೊಟ್ಟಿ. ಅದು ಗಳಿಗೆಯ ಬಾಳಿನದು, ಅಂಗಡಿಯವರೆಗೆ ಬದುಕಲಾರದು. ಇನ್ನೊಂದು, ನೋಡಿ ಕಲಿಯುವ ಅವಕಾಶ. ಎಸರು ಎಷ್ಟು ಮರಳಬೇಕು, ನೀರಿನ ಹೊಳಪು ಯಾವಾಗ ಆರಿತು ಎಂಬುದನ್ನು ಅಕ್ಷರದಲ್ಲಿ ಬರೆದಿಡಬಹುದು. ಕೈಗೆ ಕಲಿಸಲು ಪಕ್ಕದಲ್ಲಿ ಇನ್ನೊಂದು ಕೈ ಬೇಕು. ಒಂದು ತಲೆಮಾರು ಕಲಿಯದೆ ದಾಟಿದರೆ ಮುಂದಿನವರಿಗೆ ಕಲಿಸುವವರು ಇರುವುದಿಲ್ಲ.

ಇದಕ್ಕೆ ದಿನವೂ ಮೂವತ್ತು ರೊಟ್ಟಿ ಬಡಿಯಬೇಕಾಗಿಲ್ಲ. ನಗರದ ಮನೆಯಲ್ಲಿಯೂ ವಾರಕ್ಕೆ ಒಂದು ರಾತ್ರಿ, ಹೊಸದಾಗಿ ಬೀಸಿದ ಒಂದು ಸೇರು ಹಿಟ್ಟು, ಮನೆಯ ಗಂಡಸರ ಕೈಗಳನ್ನೂ ಸೇರಿಸಿ ಎರಡು ಜೊತೆ ಕೈಗಳು, ನೆರೆಮನೆಗೆ ಹೋಗಲು ಒಂದು ಬಟ್ಟಲು ಇದ್ದರೆ ಸಾಕು. ಡೋಣಿಯ ದಂಡೆಯ ಮನೆಗಳಲ್ಲಿ ಕೊನೆಯ ಹಿಡಿ ಹಿಟ್ಟನ್ನು ಮಕ್ಕಳ ಕೈಗೆ ಕೊಡುವುದುಂಟು. ಮಗುವಿನ ರೊಟ್ಟಿ ಅಂಗೈಯಗಲ, ಅದೂ ಸೊಟ್ಟ, ಅಂಚೆಲ್ಲ ಬಿರುಕು. ಅದನ್ನೂ ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ಬೇಯಿಸುತ್ತಾರೆ. ಬೆಂದ ಮೇಲೆ ಬೆಣ್ಣೆ ಹಚ್ಚಿ ಮೊದಲು ಆ ಮಗುವಿಗೇ ಕೊಡುತ್ತಾರೆ.