ನಾಲಿಗೆಯ ಗುರು

ಮಾತೆಂಬುದು ನಾಲಿಗೆಯ ವ್ಯಾಪಾರವೆಂದು ಲೋಕವು ಎಣಿಸುವುದು. ಹೆಚ್ಚು ಆಡುವವನ ನಾಲಿಗೆ ಉದ್ದವೆಂದೂ, ಮಾತಿಗೆ ತಪ್ಪಿದವನಿಗೆ ನಾಲಿಗೆ ಎರಡೆಂದೂ ಹೇಳುವ ವಾಡಿಕೆಯುಂಟು. ಕಿವಿಯ ಹೆಸರನ್ನಾದರೋ ಯಾರೂ ಎತ್ತುವುದಿಲ್ಲ. ಆದರೆ ಆಡಿದ ಮಾತನ್ನು ಮೊದಲು ಕೇಳುವವನು ಆಡಿದವನೇ. ಹಾಗೆ ಕೇಳುವುದರಿಂದಲೇ ಅವನ ಮುಂದಿನ ಮಾತು ತಿದ್ದಿಕೊಳ್ಳುವುದು.

ಬೋರಗಾಂವದ ಸೀಮೆಯಲ್ಲಿ ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಇಲ್ಲಿ ಕನ್ನಡ ಮರಾಠಿಗಳೆರಡೂ ಮಕ್ಕಳ ಕಿವಿಗೆ ಬೀಳುವುವು. ಮರಾಠಿಯ ಚಕಾರಕ್ಕೆ ತಾಲವ್ಯವೆಂದೂ ದಂತ್ಯವೆಂದೂ ಎರಡು ಉಚ್ಚಾರಗಳುಂಟು. ಬರಹದಲ್ಲಿ ಮಾತ್ರ ಅಕ್ಷರವೊಂದೇ. ಪುಸ್ತಕವು ತೋರಿಸದ ಈ ಭೇದವನ್ನು ಮಗುವು ತಾನಾಡಿ, ಆಡಿದ್ದನ್ನು ಕೇಳಿ, ಹಿರಿಯರ ದನಿಗೆ ಹೋಲಿಸಿ ಸಾಧಿಸುವುದು. ಸಮೀಪದ ಇಚಲಕರಂಜಿಯ ಯಂತ್ರಮಗ್ಗಗಳ ನಡುವೆ ನಿಂತವನು ತನಗರಿವಿಲ್ಲದೆಯೇ ದನಿಯೇರಿಸುವನು. ತನ್ನ ದನಿ ತನಗೆ ಕೇಳದಿರುವುದೇ ಇದಕ್ಕೊಂದು ಕಾರಣ. ಫ್ರೆಂಚ್ ವೈದ್ಯನಾದ ಲೊಂಬಾರನು 1911ರಲ್ಲಿ ಈ ಸಂಗತಿಯನ್ನು ವಿವರಿಸಿದನು. 1950ರಲ್ಲಿ ಅಮೇರಿಕದ ಬರ್ನಾರ್ಡ್ ಲೀ ಎಂಬವನು ಮತ್ತೊಂದನ್ನು ಪ್ರಕಟಿಸಿದನು. ಆಡುವವನ ದನಿಯನ್ನು ಯಂತ್ರದಿಂದ ಸುಮಾರು ಕಾಲು ಸೆಕೆಂಡಿನಷ್ಟು ತಡಮಾಡಿ ಅವನ ಕಿವಿಗೇ ಮುಟ್ಟಿಸಿದರೆ, ನಿರರ್ಗಳವಾಗಿ ಮಾತಾಡುವವನೂ ತೊದಲುವನು.

ನಮ್ಮ ಪ್ರಾಚೀನರು ಪಾಠವನ್ನು ಬಾಯ್ತೆರೆದು ಒಪ್ಪಿಸುವ ಪದ್ಧತಿಯಿಟ್ಟುದು ಸುಮ್ಮನಲ್ಲ. ಪಾಣಿನೀಯ ಶಿಕ್ಷೆಯು ಆರು ಬಗೆಯ ಅಧಮ ಪಾಠಕರಲ್ಲಿ ಕುಗ್ಗಿದ ಕಂಠದವನನ್ನೂ ಎಣಿಸಿದೆ. ತನಗೇ ಕೇಳಿಸದಂತೆ ಓದುವವನ ತಪ್ಪನ್ನು ಗುರುವೂ ತಿದ್ದಲಾರನು, ತಾನೂ ತಿದ್ದಿಕೊಳ್ಳಲಾರನು.

ಪ್ರೌಢನಾದ ಮೇಲೆ ಕಿವುಡಾದವನು ಕೂಡಲೇ ಮಾತು ಮರೆಯುವುದಿಲ್ಲ, ನಾಲಿಗೆಗೆ ಅಭ್ಯಾಸಬಲವಿರುವುದು. ಆದರೂ ದನಿಯ ಹದ ತಪ್ಪುವುದು. ಕ್ರಮೇಣ ಸಕಾರ ಶಕಾರಗಳು ಮಸುಕಾಗಬಹುದು. ಹುಟ್ಟುಗಿವುಡಾದ ಶಿಶುವಿಗಾದರೋ ಆ ಅಭ್ಯಾಸವೇ ಇಲ್ಲ. ಮೊದಲ ತಿಂಗಳುಗಳಲ್ಲಿ ಅದೂ ಇತರ ಶಿಶುಗಳಂತೆಯೇ ಅಳುವುದು, ಕಲಕಲಿಸುವುದು, ತಾಯ್ತಂದೆಗಳು ನಿಶ್ಚಿಂತರಾಗಿರುವರು. ಮಾತು ಬಾರದೆ ವರುಷಗಳು ಕಳೆದ ಮೇಲೆ ಊರು ಅದನ್ನು ಮೂಗನೆನ್ನುವುದು. ಅದರ ನಾಲಿಗೆ, ಗಂಟಲುಗಳಲ್ಲಿ ಬಹುಮಟ್ಟಿಗೆ ಯಾವ ದೋಷವೂ ಇರುವುದಿಲ್ಲ. ನಾಲಿಗೆಗೆ ಗುರು ದೊರೆಯಲಿಲ್ಲ, ಅಷ್ಟೇ.

ಇಂದು ನಿದ್ರಿಸುವ ಹಸುಳೆಯ ಕಿವಿಯನ್ನೂ ಪರೀಕ್ಷಿಸಬಹುದು. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರರೊಳಗೆ ನಿರ್ಣಯ, ಆರರೊಳಗೆ ಉಪಾಯ ಎಂಬುದು ಬಲ್ಲವರ ಕ್ರಮ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ಮಕ್ಕಳ ಪರೀಕ್ಷೆಯನ್ನೂ ಶಿಕ್ಷಣವನ್ನೂ ನಡೆಸುತ್ತಿರುವುದು. ಶ್ರವಣಯಂತ್ರದಿಂದ ಪ್ರಯೋಜನವಾಗದ ಮಗುವಿಗೆ ಕೈಸನ್ನೆಯ ಭಾಷೆಯೂ ಪೂರ್ಣವಾದ ಭಾಷೆಯೇ ಸರಿ. ಮಗುವಿನ ಜಾತಕವನ್ನು ಬರೆಯಿಸುವ ಗೃಹಸ್ಥರು ಅದರ ಕಿವಿಯನ್ನೂ ತೋರಿಸುವುದು ಒಳ್ಳೆಯದು.