ಅಂಕಣದ ಲೆಕ್ಕ, ಅಡಿಯ ಲೆಕ್ಕ

ಎಂಬತ್ತರ ದಶಕದ ಚಾಮರಾಜನಗರದಲ್ಲಿ ಹಳೇ ಮನೆ ಕೊಳ್ಳಬೇಕೆಂದವರು ಬೆಲೆಯ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಮೊದಲು ಗಾರೆ ಕೆಲಸದವರೊಬ್ಬರು ಹೋಗಿ ನೋಡುತ್ತಿದ್ದರು, ಆಮೇಲೆ ಮರಗೆಲಸದ ಆಚಾರಿ. ಇಬ್ಬರೂ ನೋಡಿ ಬಂದ ಮೇಲೆ ಕೊಳ್ಳುವವರ ಕಡೆಯ ಹಿರಿಯರು ಹೋಗಿ ಜಗಲಿಯ ಮೇಲೆ ಕೂತು ಮಾತು ತೆಗೆಯುತ್ತಿದ್ದರು. ಎಲ್ಲ ಕುದುರಿದರೆ ಪತ್ರ ಬರೆಸಲು ನಮ್ಮಲ್ಲಿಗೆ. ನಾನಾಗ ಉಪನೋಂದಣಿ ಕಚೇರಿಯ ಬಳಿ ಹಿರಿಯ ಪತ್ರಬರಹಗಾರರೊಬ್ಬರ ಕೈಕೆಳಗೆ ಕರಡು ಬರೆಯುತ್ತಿದ್ದೆ. ಮುಂದೆ ಗುಂಡ್ಲುಪೇಟೆಯಲ್ಲಿ ನನ್ನದೇ ಮೇಜು ಹಾಕಿಕೊಂಡೆ. ಈ ಎರಡೂ ಊರುಗಳಲ್ಲಿ ಹಳೇ ಮನೆಗೆ ಬೆಲೆ ಕಟ್ಟುವ ರೀತಿ ಹೇಗೆ ತಲೆಕೆಳಗಾಯಿತೆಂಬುದನ್ನು ಆ ಮೇಜಿನ ಹಿಂದೆ ಕೂತು ಕಂಡವನು ನಾನು.

ಆಗ ಮನೆಯ ಅಳತೆ ಅಂಕಣದಲ್ಲಿ. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. 'ಏಳಂಕಣದ ನಾಡಹೆಂಚಿನ ಮನೆ, ಮುಂದೆ ಜಗಲಿ, ಹಿಂದೆ ಹಿತ್ತಲು, ಸೇದೋ ಬಾವಿ' ಎಂದರೆ ಕೇಳುವವರ ಕಣ್ಣಿಗೆ ಮನೆ ಕಟ್ಟಿ ನಿಲ್ಲುತ್ತಿತ್ತು. ನೆಲದ ಉದ್ದಗಲ ಚೆಕ್ಕುಬಂದಿಯ ಸಾಲಿನಲ್ಲಿ ಬರುತ್ತಿತ್ತೇ ಹೊರತು ಬೆಲೆಯ ಮಾತಿನಲ್ಲಿ ಅಷ್ಟಾಗಿ ಬರುತ್ತಿರಲಿಲ್ಲ. ಬೆಲೆ ಹುಟ್ಟುತ್ತಿದ್ದುದು ಮರದಿಂದ, ಗೋಡೆಯಿಂದ, ಬಾವಿಯ ನೀರಿನಿಂದ.

ಆಚಾರಿ ನೋಡುವುದನ್ನು ನೋಡುವುದೇ ಒಂದು ಪಾಠ. ಕಂಬದ ಚೆಲುವಿಗೆ ಅವರು ಮರುಳಾಗುತ್ತಿರಲಿಲ್ಲ. ಏಣಿ ಹಾಕಿ ಹತ್ತಿ, ತೊಲೆ ಗೋಡೆಯೊಳಗೆ ಹೊಕ್ಕ ಜಾಗವನ್ನೇ ಉಳಿಯ ಹಿಡಿಯಿಂದ ತಟ್ಟುತ್ತಿದ್ದರು. ಮರ ಮೊದಲು ಕೆಡುವುದು ಅಲ್ಲೇ. ಹೊರಗೆ ಕಾಣುವ ಭಾಗ ಗಟ್ಟಿಯಿದ್ದರೂ ಗೋಡೆಯ ತೇವ ಹೀರಿದ ತುದಿ ಪುಡಿಯಾಗಿರುತ್ತದೆ. ಗಾರೆಯವರು ಗೋಡೆಯ ಬುಡ ಕೆರೆದು ಶೀತ ಎಷ್ಟು ಎತ್ತರಕ್ಕೆ ಏರಿದೆ ಎಂದು ನೋಡುತ್ತಿದ್ದರು, ತೂಗುಗುಂಡು ಬಿಟ್ಟು ಗೋಡೆ ಎಷ್ಟು ವಾಲಿದೆ ಎಂದು ಹೇಳುತ್ತಿದ್ದರು. 'ಮರ ಇನ್ನೂ ಐವತ್ತು ವರ್ಷ ಬತ್ತದ ಬುದ್ಧಿ, ಹಿತ್ಲ ಕಡ ಗೋಡ ಮಾತ್ರ ನಂಬಕಾಗಲ್ಲ' ಎಂದು ಆಚಾರಿಯೊಬ್ಬರು ಹೇಳಿದ ಮಾತೇ ಒಂದು ವ್ಯಾಪಾರದಲ್ಲಿ ಕೊನೆಯ ಬೆಲೆಯನ್ನು ತೀರ್ಮಾನಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ಗೋಡೆಯೊಂದನ್ನು ಹೊಸದಾಗಿ ಎಬ್ಬಿಸಲು ಆಗುವ ಖರ್ಚನ್ನು ಕಳೆದರು, ಮಿಕ್ಕದ್ದಕ್ಕೆ ಚೌಕಾಸಿ ಮಾಡಲಿಲ್ಲ. ಕೊರತೆ ಎಷ್ಟಿದೆಯೋ ಅಷ್ಟನ್ನೇ ಕಳೆಯುವುದು ಆಗಿನ ನಡವಳಿಕೆ. 'ಹಳೇದು' ಎಂಬ ಒಂದೇ ಮಾತಿಗೆ ಅರ್ಧ ಬೆಲೆ ಇಳಿಸುವ ಜನ ಆಗಲೂ ಇದ್ದರು; ಅಂಥವರೊಂದಿಗೆ ಹಿರಿಯರು ಮಾತು ಮುಂದುವರಿಸುತ್ತಿರಲಿಲ್ಲ.

ಇನ್ನೊಂದು ಮರ್ಯಾದೆಯೂ ಇತ್ತು. ಮನೆಯ ದೋಷಗಳನ್ನು ಒಳಗೆ ನಿಂತು ಆಡುತ್ತಿರಲಿಲ್ಲ. ಹೆರಿಗೆ, ಮದುವೆ, ಸಾವು ಎಲ್ಲ ಕಂಡ ನಡುಮನೆಯಲ್ಲಿ ನಿಂತು ಅದನ್ನು ಹೀಗಳೆದರೆ ಮನೆಯವರ ಹೊಟ್ಟೆ ಉರಿಯುತ್ತದೆ. ನೋಡಿ, ಸುಮ್ಮನೆ ಹೊರಬಂದು, ಜಗಲಿಯಲ್ಲಿ ಗಂಡಸರ ಮುಂದೆ ಹೇಳಬೇಕಾದ್ದನ್ನು ಹೇಳುತ್ತಿದ್ದರು. ಆ ಮನೆಯಲ್ಲಿ ಜೀವ ಸವೆಸಿದ ಹೆಂಗಸರನ್ನು ಮಾತಿನಿಂದ ಹೊರಗಿಟ್ಟ ಜಗಲಿ ಅದು ಎಂಬುದೂ ನಿಜ. ಅದರ ಲೆಕ್ಕ ಮುಂದೆ ಚುಕ್ತಾ ಆಯಿತು, ಆ ವಿಷಯಕ್ಕೆ ಬರುತ್ತೇನೆ.

ಅಳೆಯಲಾಗದ ಕೊರತೆಯೊಂದಿತ್ತು: 'ಆ ಮನೆ ಆಗಿ ಬರೋದಿಲ್ಲ' ಎಂಬ ಪುಕಾರು. ಗಟ್ಟಿಮುಟ್ಟಾದ ಮನೆಯೂ ಆ ಮಾತಿನಿಂದ ವರ್ಷಗಟ್ಟಲೆ ಬೀಗ ಹಾಕಿಕೊಂಡಿರುತ್ತಿತ್ತು. ನಮ್ಮ ಊರಿಗೇ ಆ ಅಪವಾದ ಅಂಟಿತ್ತಲ್ಲ, ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂದು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದಾಗ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟನೆಯನ್ನು ಮಲೆ ಮಹದೇಶ್ವರ ಬೆಟ್ಟದಲ್ಲಿ ನೆರವೇರಿಸಿದರು, ಜಿಲ್ಲಾ ಕೇಂದ್ರದಲ್ಲಲ್ಲ. ಮುಂದೆ ಸಿದ್ದರಾಮಯ್ಯನವರು ಮತ್ತೆಮತ್ತೆ ಬಂದೂ 2013ರಿಂದ 2018ರವರೆಗೆ ಐದು ವರ್ಷ ಪೂರೈಸಿದರು. ಊರಿನ ಅಪವಾದ ತೊಳೆದುಹೋದರೂ ಮನೆಗಳದ್ದು ಸುಲಭಕ್ಕೆ ಹೋಗಲಿಲ್ಲ. ಅಂಥ ಮನೆಗಳನ್ನು ಕಡಿಮೆ ಬೆಲೆಗೆ ಕೊಂಡು ಮಕ್ಕಳುಮರಿಯೊಂದಿಗೆ ಸುಖವಾಗಿ ಬಾಳಿದ ಸಂಸಾರಗಳನ್ನು ನಾನು ಬಲ್ಲೆ. ಹಾಗೆ ಕೊಂಡವರಲ್ಲಿ ಹೆಚ್ಚಿನವರು ಸಣ್ಣ ಸಂಬಳದವರು. ಬೇರೆಯವರ ಭಯವೇ ಅವರಿಗೆ ಸೂರು ಒದಗಿಸಿತು.

ಜಿಲ್ಲೆಯಾದದ್ದೇ ತಡ, ಲೆಕ್ಕ ಬದಲಾಯಿತು. ಕಚೇರಿಗಳು ಬಂದವು, ನೌಕರರು ಬಂದರು, ಬಾಡಿಗೆ ಏರಿತು, ಊರ ಸುತ್ತಲ ಹೊಲಗಳು ಬಡಾವಣೆಗಳಾದವು. ಬಡಾವಣೆ ತನ್ನೊಂದಿಗೆ ಚದರಡಿಯನ್ನು ತಂದಿತು. ಖಾಲಿ ಸೈಟಿಗೆ ಚದರಡಿಗೆ ಇಷ್ಟು ಎಂದು ಅಭ್ಯಾಸವಾದ ಬಾಯಿಗೆ ಹಳೇ ಮನೆಯೂ ಒಂದು ಸೈಟೇ ಆಯಿತು, ಮೇಲೆ ಕೆಡವಬೇಕಾದ ಹೊರೆಯೊಂದಿರುವ ಸೈಟು. ಆಚಾರಿಯನ್ನು ಕರೆದೊಯ್ಯುವ ಪದ್ಧತಿ ನಿಂತಿತು. ಟೇಪು ಹಿಡಿದ ದಲ್ಲಾಳಿ ಸಾಕಾದ.

ಮಾರುವವರೂ ಬದಲಾದರು. ಮಣ್ಣಿನ ಗೋಡೆಗೆ ಸಿಮೆಂಟು ಬಳಿದು, ಕೆಂಪು ಗಾರೆಯ ನೆಲಕ್ಕೆ ಟೈಲ್ಸ್ ಹಾಕಿ, ಬಣ್ಣ ಹೊಡೆಸಿ 'ರೆಡಿ ಮಾಡಿದ ಮನೆ' ಎಂದು ಹೆಚ್ಚು ಕೇಳತೊಡಗಿದರು. ಮಣ್ಣಿನ ಗೋಡೆ ಉಸಿರಾಡಬೇಕು. ಸುಣ್ಣದ ಗಾರೆಯಿದ್ದರೆ ಒಳಗಿನ ತೇವ ಆರಿಹೋಗುತ್ತದೆ. ಸಿಮೆಂಟಿನ ಹೊದಿಕೆ ಆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ಗೋಡೆ ಕಾಣದಂತೆ ಕೊಳೆಯುತ್ತದೆ. 2022ರ ಮಳೆಗಾಲದಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಂಡಿತು. ಬರಗಾಲಕ್ಕೇ ಹೆಸರಾದ ನಮ್ಮ ಸೀಮೆಯಲ್ಲಿ ಆ ವರ್ಷ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ತುಂಬಿದವು, ಕೆರೆಗಳು ಕೋಡಿ ಬಿದ್ದವು, ಮಣ್ಣಿನ ಮನೆಗಳು ಕುಸಿದವು. ನನ್ನ ಪರಿಚಯದವರ ಮನೆಗಳಲ್ಲಿ ಮೊದಲು ಬಿದ್ದವು ಸಿಮೆಂಟು ಮೆತ್ತಿಸಿಕೊಂಡ ಗೋಡೆಗಳೇ. ಪಕ್ಕದಲ್ಲಿ ಬರೀ ಸುಣ್ಣ ಬಳಿದು, ಸೂರನ್ನು ಮುಂದಕ್ಕೆ ಚಾಚಿ, ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಿಕೊಂಡಿದ್ದ ಮನೆಗಳು ನಿಂತಿದ್ದವು.

ರಥದ ಬೀದಿಯ ಮನೆಗಳಿಗೆ ಅವುಗಳದೇ ಒಂದು ಹೆಚ್ಚುಗಾರಿಕೆ. ಆಷಾಢದಲ್ಲಿ ಚಾಮರಾಜೇಶ್ವರನ ತೇರು, ನವದಂಪತಿಗಳು ಹಣ್ಣು ಜವನ ಎಸೆಯಲು ಬರುವ ತೇರು. 2017ರಲ್ಲಿ ದುಷ್ಕರ್ಮಿಯೊಬ್ಬ ಹಚ್ಚಿದ ಬೆಂಕಿಯಿಂದ ರಥ ಕೆಟ್ಟು, ಹೊಸ ರಥ 2022ರಲ್ಲಿ ಹೊರಡುವವರೆಗೆ ತೇರು ನಡೆಯಲಿಲ್ಲ. ಆ ನಡುವೆಯೂ 'ತೇರು ಬಾಗಿಲಿಗೇ ಬರುತ್ತದೆ' ಎಂದು ಹೇಳಿ ಮಾರುವವರಿದ್ದರು, ಅದನ್ನು ನಂಬಿ ಕೊಳ್ಳುವವರೂ ಇದ್ದರು. ನನಗೆ ಅದರಲ್ಲಿ ತಪ್ಪು ಕಂಡಿಲ್ಲ. ಬೆಲೆಯಲ್ಲಿ ನಂಬಿಕೆಗೂ ಒಂದು ಪಾಲಿರುತ್ತದೆ.

ಗುಂಡ್ಲುಪೇಟೆಯ ಕತೆ ಬೇರೆ. ಅದು ದಾರಿಯ ಊರು. ಒಂದು ಹೆದ್ದಾರಿ ಬಂಡೀಪುರ ದಾಟಿ ಊಟಿಗೆ, ಇನ್ನೊಂದು ಮದ್ದೂರು ತನಿಖಾ ಠಾಣೆ ದಾಟಿ ಸುಲ್ತಾನ್ ಬತ್ತೇರಿಗೆ. 2009ರಲ್ಲಿ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ನಿಷೇಧವಾದ ಮೇಲೆ ರಾತ್ರಿ ಉಳಿಯುವ ಜನ ಹೆಚ್ಚಿದರು. ರಸ್ತೆಬದಿಯ ಹಳೇ ಮನೆಗಳ ಜಗಲಿ ಒಡೆದು ಮಳಿಗೆ ಮಾಡಿದರು, ಮನೆಯ ಮುಖವೇ ಹೋಯಿತು. ಬಂಡೀಪುರದ ಅಂಚಿನಲ್ಲಿ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿ ಹೊಸ ಕಟ್ಟಡಗಳಿಗೆ ಕಟ್ಟುಪಾಡು ಬಂದಾಗ, ಆ ಹಳ್ಳಿಗಳಲ್ಲಿ ಮೊದಲೇ ನಿಂತಿದ್ದ ಹೆಂಚಿನ ಮನೆಗಳಿಗೆ ಎಲ್ಲಿಂದಲೋ ಗಿರಾಕಿಗಳು ಬಂದರು. ಊರೊಳಗಿನ ಮನೆಗಳನ್ನು ಕೆಲವರು ಮರಕ್ಕಾಗಿಯೇ ಕೊಂಡರು. ತೊಟ್ಟಿಯ ಹೊನ್ನೆ ಕಂಬಗಳು, ಕೆತ್ತನೆಯ ಬಾಗಿಲವಾಡ ಲಾರಿ ಏರಿ ರೆಸಾರ್ಟುಗಳಿಗೆ ಹೋದವು. ಸೈಟಿನ ದರಕ್ಕೆ ಮನೆ ಕೊಟ್ಟ ಮುದುಕರೊಬ್ಬರು, ಕಂಬಗಳು ಬೇರೆಯಾಗಿ ಎಷ್ಟಕ್ಕೆ ಹೋದವೆಂದು ತಿಳಿದ ದಿನ ನನ್ನ ಮೇಜಿನ ಮುಂದೆ ಬಂದು ಬಹಳ ಹೊತ್ತು ಕೂತಿದ್ದರು. ಆಚಾರಿಯ ಲೆಕ್ಕ ಬಿಟ್ಟುಹೋದದ್ದರಿಂದ ಆದ ನಷ್ಟ ಅದು. ನನಗೆ ಇವತ್ತಿಗೂ ಅದು ಸಂಕಟ.

ಅಷ್ಟರಲ್ಲಿ ಕೊರತೆಗಳೂ ಗೋಡೆ ಬಿಟ್ಟು ಕಾಗದಕ್ಕೆ ಬಂದಿದ್ದವು. ಹಿಂದೆ ಗಂಡುಮಕ್ಕಳು ಸಹಿ ಹಾಕಿದರೆ ಪತ್ರ ಮುಗಿಯಿತು. 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಜಗಲಿಯಿಂದ ಹೊರಗಿದ್ದವರು ಪತ್ರದೊಳಗೆ ಬಂದರು. ಆಗಬೇಕಾದದ್ದೇ ಆಯಿತು. ಆದರೆ ಅಕ್ಕತಂಗಿಯರ ಸಹಿಯಿಲ್ಲದ ಮನೆಯನ್ನು 'ಅವರೇನೂ ಕೇಳೋದಿಲ್ಲ ಬಿಡಿ' ಎಂಬ ಭರವಸೆಯ ಮೇಲೆ ಸ್ವಲ್ಪ ಕಡಿಮೆ ಬೆಲೆಗೆ ಕೊಳ್ಳುವವರನ್ನು ಕಂಡಾಗ ಪತ್ರ ಬರೆಯಲು ನನಗೆ ಕೈ ಬರುತ್ತಿರಲಿಲ್ಲ. ಒಡೆದ ಹೆಂಚಿಗೆ ಬೆಲೆ ಇಳಿಸಬಹುದು, ಹಕ್ಕುದಾರರ ಒಪ್ಪಿಗೆ ಇಲ್ಲದ್ದಕ್ಕೆ ಎಷ್ಟು ಇಳಿಸಿದರೂ ಸಾಲದು.

ಕೂಡುಗೋಡೆ, ಸೂರುನೀರು, ಹಿತ್ತಲ ಓಣಿ ಇವೂ ಹಳೇ ಪೇಟೆಯ ಮನೆಗಳ ಕಾಯಿಲೆಗಳೇ. ಹಿತ್ತಲ ಓಣಿಗಳು ಕಕ್ಕಸು ಬಳಿಯಲು ಮನುಷ್ಯರನ್ನು ದುಡಿಸುತ್ತಿದ್ದ ಕಾಲದವು. ಬಿ. ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲಿ ಸಚಿವರಾಗಿದ್ದಾಗ ಮಲ ಹೊರುವ ಆ ಅಮಾನುಷ ಪದ್ಧತಿಯನ್ನು ನಿಷೇಧಿಸಿದ ಮೇಲೆ ಓಣಿಗಳನ್ನು ಎರಡೂ ಕಡೆಯವರು ಒತ್ತಿಕೊಂಡರು. ಪತ್ರದಲ್ಲಿ 'ಪೂರ್ವಕ್ಕೆ ಓಣಿ' ಎಂದಿರುತ್ತದೆ, ಹೋಗಿ ನೋಡಿದರೆ ಪಕ್ಕದವರ ಬಚ್ಚಲು.

2023ರ ಬೇಸಿಗೆಯಲ್ಲಿ ಗುಂಡ್ಲುಪೇಟೆಯಲ್ಲಿ ಶಿಕ್ಷಕ ದಂಪತಿಗಳು ನನ್ನಲ್ಲಿಗೆ ಬಂದರು. ಮೂವತ್ತು ಅರವತ್ತರ ಜಾಗದಲ್ಲಿ ಒಂದು ಹೆಂಚಿನ ಮನೆ, ಮಾರುವವರು ಕೇಳಿದ್ದು ನಲವತ್ತೈದು ಲಕ್ಷ. 'ಎಷ್ಟಕ್ಕೆ ಕೇಳಬಹುದು ಅಣ್ಣಾ?' ಎಂದರು ಆ ಹೆಣ್ಣುಮಗಳು. ಊಹೆಯ ಮೇಲೆ ಕೇಳಬೇಡಿ, ಮೊದಲು ಮನೆ ನೋಡಿಸಿ ಎಂದೆ. ಕೆಲಸ ಬಿಟ್ಟು ಕೂತಿದ್ದ ಹಳೇ ಆಚಾರಿಯೊಬ್ಬರನ್ನೇ ಒಪ್ಪಿಸಿ ಕರೆದೊಯ್ದೆವು. ತೊಲೆಗಳ ಪೈಕಿ ಎರಡರ ತುದಿ ಹೋಗಿತ್ತು, ಮಿಕ್ಕದ್ದು ಗಟ್ಟಿ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಹೊಸಲು ತಗ್ಗಾಗಿತ್ತು, ಮಳೆನೀರು ಒಳಗೆ ಬರುತ್ತಿತ್ತು. ಪಶ್ಚಿಮಕ್ಕೆ ಕೂಡುಗೋಡೆ. ಒಳಗೆ ಶೌಚಾಲಯವಿಲ್ಲ. ಬೀದಿ ಕಿರಿದು, ಕಾರು ಬಾಗಿಲಿಗೆ ಬಾರದು.

ಅಕ್ಕಪಕ್ಕದ ಖಾಲಿ ಜಾಗ ಚದರಡಿಗೆ ಎರಡು ಸಾವಿರದಂತೆ ಹೋಗಿತ್ತು. ಆ ಲೆಕ್ಕಕ್ಕೆ ನೆಲವೇ ಮೂವತ್ತಾರು ಲಕ್ಷ. ಆದರೆ ಆ ದರ ಕಾರು ಹೋಗುವ ಬೀದಿಯದು. ಕಿರಿದಾದ ಬೀದಿಗೆಂದು ಮೂರು ಲಕ್ಷ ಕಳೆದೆವು. ಸೂರು, ಹೊಸಲು, ಶೌಚಾಲಯ, ವೈರಿಂಗಿಗೆ ಆಚಾರಿ ಮತ್ತು ಗಾರೆಯವರು ಸೇರಿ ಎಂಟು ಲಕ್ಷ ಎಂದರು, ಅದನ್ನೂ ಕಳೆದೆವು. ಇನ್ನು ಕೂಡಬೇಕಾದದ್ದು. ಗಟ್ಟಿ ಮರಕ್ಕೆ ಬೆಲೆಯಿದೆ. ಮನೆ ಕೆಡವಿದರೆ ಸುತ್ತ ಜಾಗ ಬಿಟ್ಟು ಕಟ್ಟಬೇಕು, ಕೂಡುಗೋಡೆ ಇರುವ ಕಡೆ ಒಳಗೆ ಸರಿದು ಹೊಸ ಗೋಡೆ ಎಬ್ಬಿಸಬೇಕು. ಹಳೇ ಮನೆಯನ್ನೇ ಉಳಿಸಿಕೊಂಡರೆ ಗಡಿಯವರೆಗಿನ ನೆಲವೆಲ್ಲ ಬಳಕೆಗೆ ಸಿಗುತ್ತದೆ. ದಲ್ಲಾಳಿಗಳು ದೋಷವೆಂದು ತೋರಿಸುವ ಕೂಡುಗೋಡೆಯೇ ಇಲ್ಲಿ ಲಾಭ. ಇದಕ್ಕೆಲ್ಲ ಐದು ಲಕ್ಷ ಕೂಡಿದಾಗ ಮೂವತ್ತು ಲಕ್ಷ ಬಂತು. ಇಪ್ಪತ್ತೊಂಬತ್ತಕ್ಕೆ ಕೇಳಿ, ಮೂವತ್ತೆರಡು ದಾಟಬೇಡಿ ಎಂದೆ. ನೋಂದಣಿಗೆ ಆಗ ನೂರಕ್ಕೆ ಆರೂವರೆಯ ಮೇಲೆ ಬೇರೆ ಬೇಕಿತ್ತು, ಅದು ಕೈಯಲ್ಲಿರಲಿ ಎಂದೂ ಹೇಳಿದೆ.

ದಂಪತಿಗಳು ಮಾರುವವರ ಮುಂದೆ ಈ ಲೆಕ್ಕ ಬರೆದ ಚೀಟಿಯನ್ನು ಹಾಗೇ ಇಟ್ಟರು. ಮಾರುವವರು ಒಬ್ಬ ಅಕ್ಕ, ಇಬ್ಬರು ತಮ್ಮಂದಿರು; ತಮ್ಮಂದಿರಿಬ್ಬರೂ ಮುಖ ಗಂಟಿಕ್ಕಿದರು. ಕೊಳ್ಳೇಗಾಲದಿಂದ ಬಂದಿದ್ದ ಅವರ ಅಕ್ಕ ಚೀಟಿಯನ್ನು ಓದಿಸಿಕೊಂಡು, 'ಮರಕ್ಕೂ ಬೆಲೆ ಹಾಕವ್ರಲ್ಲ' ಎಂದರು. ಹಿಂದೆ ನೋಡಿಹೋದವರೆಲ್ಲ ಮನೆಯನ್ನು ಕೆಡವುವ ಮಾತೇ ಆಡಿದ್ದರಂತೆ. ಮೂವತ್ತೆರಡಕ್ಕೆ ಒಪ್ಪಿದರು. ಮುಂಗಡ ಬ್ಯಾಂಕಿನ ಮೂಲಕ, ಖಾತೆ ಮತ್ತು ಋಣಭಾರ ಪತ್ರ ಸರಿಯಾಗಿ ಕೈಸೇರಿದ ಮೇಲೆ ಮಿಕ್ಕ ಹಣ, ಮೂವರು ಒಡಹುಟ್ಟಿದವರೂ ಖುದ್ದಾಗಿ ಬಂದು ಸಹಿ, ಕೂಡುಗೋಡೆಯ ವಿಷಯದಲ್ಲಿ ಪಕ್ಕದವರಿಂದ ಬರಹದ ಒಪ್ಪಿಗೆ: ಇಷ್ಟನ್ನು ಕರಾರಿನಲ್ಲಿ ಬರೆದೆ. ನೋಂದಣಿಯ ದಿನ ಅಕ್ಕನ ಹೆಸರನ್ನು ಮಾರಾಟಗಾರರ ಸಾಲಿನಲ್ಲಿ ಮೊದಲು ಹಾಕಿದೆ, ವಯಸ್ಸಿನಲ್ಲಿ ಅವರೇ ಹಿರಿಯರು. ಆ ಮಳೆಗಾಲಕ್ಕೆ ಮುಂಚೆಯೇ ದಂಪತಿಗಳು ಕೆಟ್ಟ ಎರಡು ತೊಲೆ ಬದಲಿಸಿ, ಹೊಸಲು ಎತ್ತರಿಸಿ, ಹೆಂಚು ಹೊದಿಸಿಕೊಂಡರು. ಆಚಾರಿ ತಮ್ಮ ಮೊಮ್ಮಗನನ್ನೂ ಆ ಕೆಲಸಕ್ಕೆ ಹಚ್ಚಿದ್ದರು.