ಮುದ್ರೆಯೊತ್ತಿದ ಓಲೆ

ಕಮಠಾಣದಿಂದ ಬೀದರಿಗೆ ಬಂದವರು ಹಳೆಯ ಪೇಟೆಯಲ್ಲಿ ಒಂದೇ ಮಿನಾರು ಉಳಿದಿರುವ ಭವ್ಯ ಕಟ್ಟಡವನ್ನು ಕಾಣುವರು. ನೀಲಿ, ಬಿಳಿ, ಹಳದಿ ಬಣ್ಣಗಳ ಅದರ ಹೆಂಚಿನ ಹೊದಿಕೆಯು ಬಹುಮಟ್ಟಿಗೆ ಉದುರಿಹೋಗಿದೆ. ಇದು 1472ರಲ್ಲಿ ಪೂರ್ತಿಯಾದ ಮಹಮೂದ ಗಾವಾನನ ಮದರಸವು. ಗಾವಾನನನ್ನು ಮಂತ್ರಿಯೆಂದು ಎಲ್ಲರೂ ಬಲ್ಲರು. ದೂರದ ರಾಜ್ಯಗಳೊಡನೆ ಬೀದರಿನ ನಂಟನ್ನು ಬೆಳೆಸಿದವನೆಂದು ಬಲ್ಲವರು ವಿರಳ.

ಅವನು ಇರಾನದ ಗೀಲಾನ ಪ್ರಾಂತದವನು. ವ್ಯಾಪಾರಕ್ಕೆಂದು ಕಡಲು ದಾಟಿ, ಸುಮಾರು 1453ರಲ್ಲಿ ಬೀದರಿಗೆ ಬಂದು ಬಹಮನಿ ಅರಸರ ಸೇವೆಗೆ ನಿಂತನು. 1466ರಿಂದ ಮೂರನೆಯ ಮಹಮ್ಮದ ಶಹನ ಪ್ರಧಾನಿಯಾದನು. ಕಡಲಾಚೆಯ ಸ್ನೇಹವು ಅವನಿಗೆ ಬರಿಯ ಶಿಷ್ಟಾಚಾರವಾಗಿರಲಿಲ್ಲ. ದಂಡಿಗೆ ಬೇಕಾದ ಒಳ್ಳೆಯ ಕುದುರೆಗಳು ಅರಬಸ್ತಾನ, ಇರಾನಗಳಿಂದ ಹಡಗುಗಳಲ್ಲಿಯೇ ಬರಬೇಕಾಗಿದ್ದಿತು. ಆದುದರಿಂದಲೇ ಅವನು 1472ರಲ್ಲಿ ಗೋವೆಯ ಬಂದರನ್ನು ವಶಪಡಿಸಿಕೊಂಡನು.

ಆದರೆ ಅವನ ನಿಜವಾದ ಆಯುಧವು ಲೇಖನಿ. ಕಾನ್‌ಸ್ಟಾಂಟಿನೋಪಲನ್ನು ಗೆದ್ದ ತುರ್ಕರ ಸುಲ್ತಾನ ಎರಡನೆಯ ಮಹಮ್ಮದನಿಗೂ, ಗೀಲಾನದ ಅರಸನಿಗೂ, ಕವಿ ಜಾಮಿಗೂ ಅವನು ಬರೆದ ಪಾರಸಿ ಪತ್ರಗಳು 'ರಿಯಾಜ್-ಉಲ್-ಇನ್ಶಾ' ಎಂಬ ಸಂಗ್ರಹದಲ್ಲಿ ಉಳಿದಿವೆ. ಪತ್ರವು ಹೋದ ದಾರಿಯಲ್ಲಿಯೇ ಸರಕೂ ಹೋಗುತ್ತಿದ್ದಿತು. ತುರ್ಕಿಯ ಬುರ್ಸಾ ನಗರದಲ್ಲಿ ಅವನ ಕಡೆಯ ವರ್ತಕರು ಹಿಂದೂಸ್ಥಾನದ ಬಟ್ಟೆಗಳನ್ನು ಮಾರುತ್ತಿದ್ದರು. ಬೀದರಿನ ಪ್ರಧಾನಿಯ ಹೆಸರಿಗೆ ಅಷ್ಟು ದೂರದ ಪೇಟೆಯಲ್ಲಿಯೂ ಬೆಲೆಯಿದ್ದಿತು.

ಆ ಬೆಲೆಯು ಮನೆಯಲ್ಲಿ ಉಳಿಯಲಿಲ್ಲ. ದರ್ಬಾರದಲ್ಲಿ ದಖನಿಗಳು ಒಂದು ಪಕ್ಷ, ಹೊರನಾಡಿನಿಂದ ಬಂದವರು ಇನ್ನೊಂದು ಪಕ್ಷ. ಅಧಿಕಾರವನ್ನು ಇಬ್ಬರಿಗೂ ಸರಿಯಾಗಿ ಹಂಚಲೆಳಸಿದ ಗಾವಾನನು ಹಲವರ ಹಗೆಯಾದನು. ಹಗೆಗಳು ಅವನ ಮುದ್ರೆಯ ಕಾವಲುಗಾರನನ್ನು ಒಲಿಸಿಕೊಂಡು ಬರಿಯ ಕಾಗದದ ಮೇಲೆ ಮುದ್ರೆಯೊತ್ತಿಸಿದರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಓಲೆಯನ್ನು ಅದರ ಮೇಲೆ ಬರೆದರು. ಸುಲ್ತಾನನು ಕೇಳಿದಾಗ ಮುದ್ರೆ ತನ್ನದು, ಬರಹ ತನ್ನದಲ್ಲವೆಂದು ಮುದುಕನು ಹೇಳಿದನೆಂದು ಇತಿಹಾಸಕಾರರು ಬರೆದಿರುವರು. ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು ಅವನ ತಲೆ ಉರುಳಿತು.

ಮರುವರ್ಷವೇ ಸುಲ್ತಾನನು ತೀರಿಕೊಂಡನು. ಮುಂದೆ ರಾಜ್ಯವು ಐದು ಪಾಲಾಯಿತು. ಮದರಸದ ಒಂದು ಭಾಗವೂ 1696ರಲ್ಲಿ ಮದ್ದಿನ ಸ್ಫೋಟದಿಂದ ಕುಸಿಯಿತು.

ನೂರಾರು ನಿಜವಾದ ಪತ್ರಗಳಿಂದ ಕಡಲಾಚೆಗೆ ಗಳಿಸಿದ ವಿಶ್ವಾಸವನ್ನು ಒಂದು ಸುಳ್ಳು ಪತ್ರವು ಸ್ವಂತ ಅರಮನೆಯಲ್ಲಿ ಕಳೆಯಿತು. ಪರರಾಜ್ಯದ ಸ್ನೇಹವನ್ನು ದೂತನು ತರಬಲ್ಲನು. ಅವನನ್ನು ನಂಬಿ ವಿಚಾರಿಸುವ ತಾಳ್ಮೆಯನ್ನು ಒಡೆಯನೇ ತರಬೇಕು.